ಕಾಣೋದು ಒಂದೇ ಅಂತ ಹೆದರ್ಕೋಬೇಡ

ಪುಟ್ಟಾ,

ಊರ್ ಕಡೆ ಸುದ್ದಿ ಎಲ್ಲಾ ನಿಮ್ಮಪ್ಪ ಹೇಳೇ ಇರ್ತಾನೆ, ಅದನ್ನ ಬಿಡು. ನಿನ್ ಮೇಲ್ ಕೊನೇಲಿ ಒಂದ್ ಸಾಲು ಹಾಕಿದ್ಯಲ್ಲ, "ನೈಟ್ ಶಿಫ್ಟಲ್ಲಿ ಒಬ್ನೇ ಇರ್ತೀನತ್ತೆ, ಹ್ಯಾಂಗ್ ಆಗಿರೋ ಸೆಶನ್ ತೆಗಿಯೋಕ್ ಹೋಗಿ ಬೇರೆ ಯಾವ್ದೋ ಥ್ರೆಡ್ ಕಿಲ್ ಮಾಡ್ಬಿಟ್ರೆ ಇಡೀ ಆಸ್ಪತ್ರೆ ಡೇಟಾಬೇಸೇ ಬಿದ್ದೋಗುತ್ತಲ್ವಾ" ಅಂತ, ಅದು ನನ್ನ ಬಿಡ್ತಾನೇ ಇಲ್ಲ. ಪಿಜಿ ಊಟದ ಕತೆನೂ ಓದ್ದೆ, ನಕ್ಕೆ, ಆದ್ರೆ ರಾತ್ರಿ ಮಲಗಿದಾಗ ತಲೇಲಿ ಸುತ್ತಿದ್ದು ಇದೊಂದೇ.

ಸೆಶನ್ ಅಂದ್ರೆ ಒಬ್ಬರ ಲಾಗಿನ್, ಥ್ರೆಡ್ ಅಂದ್ರೆ ಓಡ್ತಿರೋ ಒಂದ್ ಪ್ರೋಗ್ರಾಮ್ (ಪ್ರೊಸೆಸ್) ಒಳಗಿನ ಒಂದೊಂದು ಕೆಲ್ಸದ ಎಳೆ, ಅದ್ರಲ್ಲಿ ಕೆಲವು ಎಳೆ ಹೋದ್ರೆ ಬೀಳುತ್ತೆ ಕಣೋ. ಸುಳ್ಳು ಹೇಳಿ ಸಮಾಧಾನ ಮಾಡೋಕೆ ನಂಗಾಗಲ್ಲ. ಟ್ರೇನಿಂಗಲ್ಲಿ ಲಿನಕ್ಸ್ ಮೇಲೆ ಪಿಎಸ್ ಕಮಾಂಡ್ ಕೊಟ್ರೆ ಒರಾಕಲ್ ಡೇಟಾಬೇಸಿನ ಒಳಗಿನ ಕೆಲಸಗಾರ್ರು ಪಿಮಾನ್, ಎಸ್‌ಮಾನ್, ಲಾಗ್ ರೈಟರ್, ಚೆಕ್‌ಪಾಯಿಂಟ್ ಅಂತ ಒಬ್ಬೊಬ್ರೂ ಬೇರೆ ಬೇರೆ ಪ್ರೊಸೆಸ್ ಆಗಿ ಹೆಸರ್ ಸಮೇತ ಕಾಣ್ತಿದ್ರು, ಈಗ ವಿಂಡೋಸ್ ಸರ್ವರಲ್ಲಿ ಟಾಸ್ಕ್ ಮ್ಯಾನೇಜರ್ ತೆಗೆದ್ರೆ ಒಂದೇ ಒಂದು ಒರಾಕಲ್ ಡಾಟ್ ಇಎಕ್ಸ್‌ಇ, ಮಿಕ್ಕೋರೆಲ್ಲಾ ಎಲ್ಲೋದ್ರು ಅಂತ ನಿಂಗೆ ಗಾಬರಿ ಆಗಿದೆ. ಎಲ್ಲೂ ಹೋಗಿಲ್ಲ. ಅಲ್ಲಿ ವಠಾರ, ಒಂದೊಂದ್ ಮನೆಗೂ ಬೇರೆ ಬಾಗ್ಲು. ಇಲ್ಲಿ ಕೂಡುಕುಟುಂಬ, ಹೊರಗಿಂದ ನೋಡಿದ್ರೆ ಒಂದೇ ಬಾಗ್ಲು, ಒಳಗೆ ಎಲ್ಲಾರೂ ಇದಾರೆ. ಪಿಮಾನೂ ಒಂದು ಥ್ರೆಡ್ಡು, ಫಾರ್ಮಸಿ ಕೌಂಟರಿನ ಹುಡ್ಗ ಲಾಗಿನ್ ಆದ್ರೆ ಅವನದ್ದೂ ಒಂದು ಥ್ರೆಡ್ಡು, ಎಲ್ಲಾ ಅದೇ ಪ್ರೊಸೆಸ್ ಒಳಗೆ. ಅದಕ್ಕೇ ಎಂಡ್ ಟಾಸ್ಕ್ ಒತ್ತಿದ್ರೆ ಒಬ್ಬನ್ನ ಅಲ್ಲ, ಎಲ್ಲಾರ್ನೂ ಕಳ್ಸಿದ ಹಾಗೆ. ಇಷ್ಟು ಗೊತ್ತಿದ್ದು ಹೆದರ್ತಿದೀಯ ಅಂದ್ರೆ ನಿನ್ ಭಯ ದಡ್ಡತನದ್ದಲ್ಲ.

ನಾನ್ ಕೆಲ್ಸಕ್ಕಿದ್ದಾಗ ನಮ್ದು 32 ಬಿಟ್ ವಿಂಡೋಸ್ 2003 ಸರ್ವರು. ಒಂದ್ ಪ್ರೊಸೆಸ್‌ಗೆ ಮಾಮೂಲಿಯಾಗಿ ಸಿಗ್ತಿದ್ದಿದ್ದೇ 2 ಜಿಬಿ ಅಡ್ರೆಸ್ ಸ್ಪೇಸು (ಅದು ಬಳಸ್ಬಹುದಾದ ಮೆಮೊರಿ ಜಾಗ), ಡೇಟಾ ಇಟ್ಕೊಳೋ ಕ್ಯಾಶೂ ಅದ್ರಲ್ಲೇ, ಪ್ರತಿ ಸೆಶನ್ನಿನ ಮೆಮೊರೀನೂ ಅದ್ರಲ್ಲೇ, ಹಾಗಾಗಿ ಸೀಸನ್ ಟೈಮಲ್ಲಿ ಜನ ಜಾಸ್ತಿ ಲಾಗಿನ್ ಆದ್ರೆ ಟಿಎನ್‌ಎಸ್ 12500 ಅಂತ ಎರರ್ ಬಂದು ಹೊಸಬ್ರಿಗೆ ಒಳಗೆ ಜಾಗನೇ ಇಲ್ಲ. ಬೂಟ್ ಡಾಟ್ ಐಎನ್‌ಐ ಫೈಲಲ್ಲಿ 3ಜಿಬಿ ಸ್ವಿಚ್ ಹಾಕಿ ಒಂಚೂರು ಎಳೆದಾಡ್ತಿದ್ವಿ. ಈಗ 64 ಬಿಟ್ಟಲ್ಲಿ ನಿಂಗೆ ಆ ತಾಪತ್ರಯ ಇಲ್ಲ ಬಿಡು. ಆದ್ರೆ ಭಯ ನಿಂದೇ ಭಯ. ಯಾವ್ದಾದ್ರೂ ಸೆಶನ್ ಸಿಕ್ಕಾಕ್ಕೊಂಡ್ರೆ ಒಳಗೆ ಯಾರು ಏನ್ ಮಾಡ್ತಿದಾರೆ ಅಂತ ನಾವು ನೋಡ್ತಿರ್ಲಿಲ್ಲ, ಸರ್ವೀಸೇ ರೀಸ್ಟಾರ್ಟ್ ಮಾಡ್ಬಿಡ್ತಿದ್ವಿ. ಅದೇ ಸೇಫ್ ಅಂತ ಎಲ್ಲಾರೂ ಅನ್ಕೊಂಡಿದ್ವಿ. ಒಂದ್ಸಲ ಡೇಟಾ ಎಂಟ್ರಿ ಹುಡ್ಗಿ ಬೆಳಗ್ಗೆಯಿಂದ ಹಾಕಿದ್ದ ಎಂಟ್ರಿ ಕಮಿಟ್ (ಅಂದ್ರೆ ಪಕ್ಕಾ ಸೇವ್) ಆಗಿರ್ಲಿಲ್ಲ, ಇನ್ಯಾರೋ ದಾಖಲೆ ಹಿಡ್ಕೊಂಡಿದ್ದ ಲಾಕಿಗೋಸ್ಕರ ನಾವ್ ರೀಸ್ಟಾರ್ಟ್ ಮಾಡಿ ಅವಳದೆಲ್ಲಾ ಹೋಯ್ತು. ಅವ್ಳು ಏನೂ ಅನ್ಲಿಲ್ಲ, ಬಂಡಲ್ ಮತ್ತೆ ಬಿಚ್ಚಿ ಮೊದಲಿಂದ ಟೈಪ್ ಮಾಡೋಕೆ ಕೂತ್ಳು. ಅವತ್ತಾದ್ರೂ ಒಳಗೆ ಇಣುಕಿ ನೋಡೋದು ಕಲೀಬೇಕಿತ್ತು ಅಂತ ಈಗ್ಲೂ ಅನ್ಸುತ್ತೆ. ನೋಡೋದ್ರಿಂದ ಏನೂ ಬೀಳಲ್ಲ ಅಂತ ನಮಗೆ ಹೇಳೋರು ಯಾರೂ ಇರ್ಲಿಲ್ಲ ಕಣೋ, ಹೇಳ್ಬೇಕಾದೋರಿಗೇ ನಮಗಿಂತ ಜಾಸ್ತಿ ಭಯ ಇತ್ತು.

ನಿನ್ ಪ್ರಶ್ನೆಗೆ ಬರ್ತೀನಿ. ತಪ್ಪು ಥ್ರೆಡ್ ಹೋದ್ರೆ? ಯೂಸರ್ ಥ್ರೆಡ್ ತಪ್ಪಾಗಿ ಹೋದ್ರೆ ಆ ಒಬ್ಬ ಬೈತಾನೆ, ಅಷ್ಟೇ. ಪಿಮಾನೋ ಲಾಗ್ ರೈಟರೋ ಹೋದ್ರೆ ಇನ್‌ಸ್ಟನ್ಸೇ, ಅಂದ್ರೆ ಓಡ್ತಿರೋ ಡೇಟಾಬೇಸೇ, ಬೀಳುತ್ತೆ. ಹಾಗಾಗಿ ಯಾರು ಯಾರು ಅಂತ ಗುರುತು ಹಿಡಿಯೋದೇ ಕೆಲ್ಸ, ಅದಕ್ಕೆ ಧೈರ್ಯ ಏನೂ ಬೇಡ. ಟಾಸ್ಕ್ ಮ್ಯಾನೇಜರಲ್ಲಿ ಡೀಟೇಲ್ಸ್‌ಗೆ ಹೋಗಿ ಥ್ರೆಡ್ಸ್ ಕಾಲಮ್ ಹಾಕ್ಕೊಂಡ್ರೆ ಎಷ್ಟಿದಾವೆ ಅಂತ ಮಾತ್ರ ಹೇಳುತ್ತೆ, ಯಾರು ಅಂತ ಹೇಳಲ್ಲ. ಸಿಸ್‌ಇಂಟರ್ನಲ್ಸ್‌ನೋರದ್ದು ಪ್ರೊಸೆಸ್ ಎಕ್ಸ್‌ಪ್ಲೋರರ್ ಅನ್ನೋ ಟೂಲ್ ಇದೆಯಲ್ಲ (2006ರಲ್ಲಿ ಮೈಕ್ರೋಸಾಫ್ಟ್ ಅವರನ್ನ ಕೊಂಡ್ಕೊಂಡ್ಮೇಲೆ ಅವರ ಸೈಟಲ್ಲೇ ಸಿಗುತ್ತೆ, ಆದ್ರೂ ನಿಮ್ ಆಫೀಸಲ್ಲಿ ಕೇಳಿ ಹಾಕು), ಅದ್ರಲ್ಲಿ ಒರಾಕಲ್ ಮೇಲೆ ಡಬಲ್ ಕ್ಲಿಕ್ ಮಾಡಿ ಥ್ರೆಡ್ಸ್ ಟ್ಯಾಬಿಗೆ ಹೋದ್ರೆ ಒಂದೊಂದು ಥ್ರೆಡ್ಡಿನ ನಂಬರು, ಯಾವ್ದು ಸಿಪಿಯು ತಿಂತಿದೆ ಅಂತೆಲ್ಲಾ ಬರುತ್ತೆ. ಅಲ್ಲೇ ಪಕ್ಕದಲ್ಲಿ ಕಿಲ್ ಬಟನ್ನೂ ಇದೆ, ಅದರ ಕಡೆ ಕೈ ಹೋಗ್ಬಾರ್ದು ಅಷ್ಟೇ.

ಆ ನಂಬರ್ ತಗೊಂಡ್ ಡೇಟಾಬೇಸ್ ಒಳಗಡೆ ಬಾ. ವಿ ಡಾಲರ್ ಪ್ರೊಸೆಸ್ ಅನ್ನೋ ಪಟ್ಟೀಲಿ ಎಸ್‌ಪಿಐಡಿ ಅಂತ ಕಾಲಮ್ ಇದೆಯಲ್ಲ, ಲಿನಕ್ಸಲ್ಲಿ ಅದು ಪ್ರೊಸೆಸ್ ನಂಬರು, ವಿಂಡೋಸಲ್ಲಿ ಅದೇ ಥ್ರೆಡ್ ನಂಬರು. ಆ ಪಟ್ಟೀನ ವಿ ಡಾಲರ್ ಸೆಶನ್ ಪಟ್ಟೀಯ ಪಿಎಡಿಡಿಆರ್ ಕಾಲಮ್ ಜೊತೆ ಜಾಯಿನ್ ಮಾಡಿದ್ರೆ ಯಾವ ಮಷೀನು, ಯಾವ ಪ್ರೋಗ್ರಾಮು, ಎಷ್ಟೊತ್ತಿಂದ ಕೂತಿದೆ ಎಲ್ಲಾ ಸಿಗುತ್ತೆ. ಟೈಪ್ ಕಾಲಮಲ್ಲಿ ಬ್ಯಾಕ್‌ಗ್ರೌಂಡ್ ಅಂತಿದ್ರೆ ಕೈ ಮುಗಿದು ಮುಂದಕ್ಕೋಗು. ಯೂಸರ್ ಅಂತಿದ್ರೂ ತಕ್ಷಣ ಹೊಡೀಬೇಡ ಮಾರಾಯ, ಬ್ಲಾಕಿಂಗ್ ಸೆಶನ್ ಕಾಲಮ್ ನೋಡು. ಕಂಪ್ಲೇಂಟ್ ಮಾಡೋನು ಬರೀ ಕಾಯ್ತಿರ್ತಾನೆ, ಲಾಕ್ ಹಿಡ್ಕೊಂಡೋನು ಸ್ಕ್ರೀನ್ ಹಾಗೇ ಬಿಟ್ಟು ಟೀ ಕುಡಿಯೋಕ್ ಹೋಗಿರ್ತಾನೆ. ಕಾಯ್ತಿರೋನ್ನ ಕಿಲ್ ಮಾಡಿದ್ರೆ ಏನೂ ಪ್ರಯೋಜನ ಇಲ್ಲ. ಸಾಧ್ಯ ಆದ್ರೆ ಆ ವಾರ್ಡಿಗೆ ಫೋನ್ ಮಾಡಿ ಸೇವ್ ಮಾಡಿ ಅಂತ ಹೇಳೋದು ಎಲ್ಲಕ್ಕಿಂತ ಒಳ್ಳೇದು. ಇದೆಲ್ಲಾ ನಿಂಗೆ ಗೊತ್ತಿದ್ರೆ ಬೇಜಾರ್ ಮಾಡ್ಕೋಬೇಡ, ನಂಗೆ ಹೇಳ್ದೇ ಇರೋಕಾಗ್ತಿಲ್ಲ.

ಕಿಲ್ ಮಾಡ್ಲೇಬೇಕು ಅಂದ್ರೆ ಆಲ್ಟರ್ ಸಿಸ್ಟಮ್ ಕಿಲ್ ಸೆಶನ್ ಅನ್ನೋ ಕಮಾಂಡ್ ಮೊದಲು. ಎಸ್‌ಐಡಿ (ಸೆಶನ್ ನಂಬರು) ಜೊತೆ ಸೀರಿಯಲ್ ನಂಬರೂ ಕೇಳುತ್ತಲ್ಲ, ಅಷ್ಟರಲ್ಲಿ ಅದೇ ಎಸ್‌ಐಡಿಗೆ ಬೇರೆಯೋನು ಬಂದು ಕೂತಿದ್ರೆ ಅವನು ಉಳ್ಕೊಳ್ಲಿ ಅಂತಾನೇ ಆ ಏರ್ಪಾಡು. ಕಿಲ್ಡ್ ಅಂತ ತೋರ್ಸಿ ಹಾಗೇ ನಿಂತ್ರೆ ರೋಲ್‌ಬ್ಯಾಕ್, ಅಂದ್ರೆ ಕಮಿಟ್ ಆಗ್ದೇ ಇರೋದನ್ನ ವಾಪಸ್ ತೆಗೆಯೋದು, ನಡೀತಿರ್ಬಹುದು, ಕಾಯ್ಬೇಕು. ಜನ ಇಲ್ಲೇ ತಾಳ್ಮೆ ಕಳ್ಕೊಂಡು ಓರಾಕಿಲ್ ಅನ್ನೋ ಟೂಲ್ ಓಡಿಸ್ತಾರೆ, ಅದು ನಂಬರ್ ಕೊಟ್ರೆ ಥ್ರೆಡ್ಡನ್ನ ಹೊಡೆಯುತ್ತೆ, ಅದು ಪಿಮಾನಾ ಫಾರ್ಮಸಿ ಹುಡ್ಗನಾ ಅಂತ ನಿನ್ನ ಕೇಳಲ್ಲ. ಹೊಡೆದ್ರೂ ರೋಲ್‌ಬ್ಯಾಕ್ ತಪ್ಪಲ್ಲ.

ಅಷ್ಟೆಲ್ಲಾ ಆಗಿಯೂ ಬಿತ್ತು ಅನ್ನು. ನಿನ್ ಭಯ ಅದೇ ತಾನೆ. ಕಮಿಟ್ ಆಯ್ತು ಅಂತ ಕೌಂಟರಿಗೆ ಉತ್ತರ ಹೋಗೋಕೆ ಮುಂಚೆನೇ ಲಾಗ್ ರೈಟರ್ ಅದನ್ನ ರೀಡೂ ಲಾಗ್ ಅನ್ನೋ ಫೈಲಿಗೆ ಬರೆದಿರುತ್ತೆ, ತಿರ್ಗಾ ಸ್ಟಾರ್ಟ್ ಮಾಡಿದ್ರೆ ಎಸ್‌ಮಾನ್ ಆ ಲಾಗ್ ಓದಿ ಎಲ್ಲಾ ಸರಿಮಾಡುತ್ತೆ. ಕಮಿಟ್ ಆಗ್ದೇ ಇರೋದು ಹೋಗುತ್ತೆ, ಆ ಹುಡ್ಗೀದು ಹೋದ ಹಾಗೆ. ಆಸ್ಪತ್ರೆ ಸ್ವಲ್ಪ ಹೊತ್ತು ಚೀಟೀಲಿ ಬರ್ಕೊಳುತ್ತೆ, ನಿಂಗೆ ಬೈಗುಳ ಬೀಳುತ್ತೆ, ಬೆಳಗ್ಗೆ ಏನಾಯ್ತು ಅಂತ ಬರ್ದು ಕೊಡ್ಬೇಕಾಗುತ್ತೆ. ಆದ್ರೆ ಒಬ್ನೇ ಹುಡ್ಗನ್ನ ರಾತ್ರಿ ಪೂರ್ತಿ ಅಲ್ಲಿ ಕೂರ್ಸೋದು ಅವರದ್ದೂ ತಪ್ಪೇ, ಫೋನ್ ಮಾಡೋಕೆ ಒಬ್ಬ ಸೀನಿಯರ್ ನಂಬರ್ ಕೊಡಿ ಅಂತ ಕೇಳು, ಕೇಳೋಕೆ ನಾಚ್ಕೋಬೇಡ.

ಆ ಜಾಯಿನ್ ಕ್ವೆರಿ ಬರ್ದು ಹಗಲು ಹೊತ್ತು ಟೆಸ್ಟ್ ಸರ್ವರಲ್ಲಿ ಓಡ್ಸಿ ನಂಗೂ ಕಳ್ಸು. ತುಂಬಾ ವರ್ಷ ಆಯ್ತು, ಕಾಲಮ್ ಹೆಸರು ಮರ್ತಿರ್ಬಹುದು, ಆದ್ರೂ ನೋಡ್ತೀನಿ.

ನಿನ್ನ ಅತ್ತೆ