ಮೆಜೆಸ್ಟಿಕ್‌ನಲ್ಲಿ ಬಸ್ ಬೋರ್ಡ್ ಓದಿ ಹೇಳಿದ ಹುಡುಗಿಗೆ

ಕಳೆದ ಮಂಗಳವಾರ ಸಂಜೆ ನಿನ್ನ ಹೆಸರು ಕೇಳುವುದನ್ನೇ ಮರೆತೆ. ಇದು ನಿನಗೆ ಕಣಮ್ಮ.

1994ರಲ್ಲಿ ನನಗೆ ಹಾಡ್ಜ್‌ಕಿನ್ ಲಿಂಫೋಮಾ ಅನ್ನುವ ದುಗ್ಧಗ್ರಂಥಿಗಳ ಕ್ಯಾನ್ಸರ್ ಆಗಿತ್ತು. ಆಗೆಲ್ಲ ಕುತ್ತಿಗೆ, ಕಂಕುಳು, ಎದೆ ಎಲ್ಲಕ್ಕೂ ಸೇರಿಸಿ ರೇಡಿಯೇಶನ್ ಕೊಡುತ್ತಿದ್ದರು. ಕ್ಯಾನ್ಸರ್ ಹೋಯಿತು. ಆದರೆ ರೇಡಿಯೇಶನ್ ಬಿದ್ದ ಕಡೆ ನರ, ಸ್ನಾಯು ನಿಧಾನವಾಗಿ ಹಾಳಾಗುತ್ತಾ ಬಂದವು. ಇಪ್ಪತ್ತು ವರ್ಷ ಕಳೆದ ಮೇಲೆ ಕತ್ತಿನ ಹಿಂಭಾಗ ಸೊರಗಿತು. ಈಗ ಸ್ವಲ್ಪ ಹೊತ್ತು ನಿಂತರೆ ಸಾಕು, ತಲೆ ತಾನಾಗಿಯೇ ಮುಂದಕ್ಕೆ ಜೋತುಬೀಳುತ್ತದೆ. ಗದ್ದಕ್ಕೆ ಕೈ ಕೊಟ್ಟು ಎತ್ತಬೇಕು. ನೋಡಿದವರು ಸುಮ್ನೆ ಮೊಬೈಲ್ ನೋಡ್ತಿದ್ದಾರೆ ಅಂದುಕೊಳ್ಳುತ್ತಾರೆ!

ಅವತ್ತು ಎರಡೂ ಕೈಯಲ್ಲಿ ಚೀಲ. ಬೋರ್ಡ್ ಓದಲು ಆಗದೆ ಎರಡು ಬಸ್ ಬಿಟ್ಟಿದ್ದೆ. ನೀನು ಬಂದು ನನ್ನೆದುರು ಕುಕ್ಕರಗಾಲಲ್ಲಿ ಕೂತು, ಕೆಳಗಿನಿಂದ ನನ್ನ ಮುಖ ನೋಡಿ, "ಆಂಟಿ, ಯಾವ ಬಸ್ ಬೇಕು?" ಅಂದೆ. ನನ್ನ ಕಣ್ಣಿಗೆ ಕಣ್ಣು ಕೊಟ್ಟು ಅಪರಿಚಿತರು ಮಾತಾಡಿ ಎಷ್ಟು ದಿನವಾಗಿತ್ತೋ. ಏನಾಯ್ತು, ಯಾಕಾಯ್ತು ಅಂತ ಒಂದು ಮಾತೂ ಕೇಳಲಿಲ್ಲ. ಚೀಲ ಇಸ್ಕೊಂಡೆ. ಬನಶಂಕರಿ ಬಸ್ ಬರುವವರೆಗೂ ಬಂದ ಬಂದ ಬೋರ್ಡನ್ನೆಲ್ಲ ಜೋರಾಗಿ ಓದಿದೆ. ಹತ್ತಿಸಿ, ತಲೆ ಒರಗಿಸಲಿ ಅಂತ ಕಿಟಕಿ ಪಕ್ಕದ ಸೀಟು ಬಿಡಿಸಿಕೊಟ್ಟೆ.

ಅಷ್ಟರಲ್ಲಿ ನಿನ್ನ ಬಸ್ ಹೋಗಿತ್ತು ಅಲ್ವಾ? ನನಗೆ ಕಾಣಲಿಲ್ಲ, ಆದರೆ ನೀನು "ಅಯ್ಯೋ" ಅಂದಿದ್ದು ಕೇಳಿಸಿತು.