ಸದಸ್ಯರ ಗಮನಕ್ಕೆ: ಸುನ್ ವುಕಾಂಗನ ಗುರು ನಿಜವಾಗಿ ಬದುಕಿದ್ದವನು

ಆತ್ಮೀಯ ಸದಸ್ಯರೇ,

16ನೇ ಶತಮಾನದ ಚೀನೀ ಸಾಹಸ ಕಾದಂಬರಿ ‘ಪಶ್ಚಿಮದ ಯಾತ್ರೆ’ಯ ಬಗ್ಗೆ ಗುಂಪಿನಲ್ಲಿ ಮಾತು ನಡೆದಿರುವುದರಿಂದ, ವಾನರವೀರ ಸುನ್ ವುಕಾಂಗನ ಗುರುವಾದ ಭಿಕ್ಷು ನಾವೆಲ್ಲ ಶಾಲೆಯಲ್ಲಿ ಓದಿದ ಹ್ಯೂಯೆನ್ ತ್ಸಾಂಗನೇ ಎಂಬುದನ್ನು ತಿಳಿಸಬಯಸುತ್ತೇನೆ.

ಕಾದಂಬರಿಯಲ್ಲಿ ಮಾತುಮಾತಿಗೂ ಕಣ್ಣೀರಿಡುವ ಈ ಸಾಧು ಚಕ್ರವರ್ತಿಯಿಂದಲೇ ಬೀಳ್ಕೊಡುಗೆ ಪಡೆದು ಹೊರಡುತ್ತಾನೆ. ಚರಿತ್ರೆಯ ಭಿಕ್ಷುವಾದರೋ ಗಡಿ ದಾಟಬಾರದೆಂಬ ರಾಜಾಜ್ಞೆಯನ್ನು ಮೀರಿ, ಬೌದ್ಧ ಗ್ರಂಥಗಳಿಗಾಗಿ ಭಾರತದತ್ತ ಹೊರಟವನು. ಮರುಭೂಮಿಯಲ್ಲಿ ನೀರಿನ ಚೀಲ ಕೈಜಾರಿ ಚೆಲ್ಲಿಹೋದಾಗ ಒಂದಿಷ್ಟು ದೂರ ಹಿಂದಕ್ಕೆ ಬಂದು, ಮನಸ್ಸು ತಡೆಯದೆ ಮತ್ತೆ ಪಶ್ಚಿಮಕ್ಕೇ ಕುದುರೆ ತಿರುಗಿಸಿದನೆಂದು ಆತನ ಜೀವನಚರಿತ್ರೆ ಹೇಳುತ್ತದೆ. ಕಾದಂಬರಿಯ ಯಾವ ರಾಕ್ಷಸ ಸಂಹಾರಕ್ಕಿಂತಲೂ ಇದೇ ನನಗೆ ದೊಡ್ಡ ಸಾಹಸವೆನಿಸುತ್ತದೆ. 645ರಲ್ಲಿ ಆತ 657 ಗ್ರಂಥಗಳೊಂದಿಗೆ ಚೀನಾದ ಅಂದಿನ ರಾಜಧಾನಿ ಚಾಂಗಾನ್‌ಗೆ ಮರಳಿದ.

ಕನ್ನಡಿಗರಾದ ನಮಗೆ ಇನ್ನೂ ಹತ್ತಿರದ ಸಂಗತಿಯಿದೆ: ತನ್ನ ಪ್ರವಾಸ ಕಥನದಲ್ಲಿ ಇಮ್ಮಡಿ ಪುಲಕೇಶಿಯ ರಾಜ್ಯದ ಬಗ್ಗೆ ಬರೆಯುತ್ತಾ ಆತ, ಹರ್ಷನಿಗೂ ಮಣಿಯದ ಅಲ್ಲಿನ ಜನರ ಸ್ವಾಭಿಮಾನವನ್ನೂ, ಯುದ್ಧಕ್ಕೆ ಮುನ್ನ ಆನೆಗಳಿಗೆ ಮದ್ಯ ಕುಡಿಸುವ ಪದ್ಧತಿಯನ್ನೂ ದಾಖಲಿಸಿದ್ದಾನೆ.

ಇನ್ನು ಮುಂದೆ ಈ ವಿಷಯದ ಮೇಲೆ ಬರೆಯುವವರು, ತಾವು ಹೇಳುತ್ತಿರುವುದು ಕಾದಂಬರಿಯ ಪ್ರಸಂಗವೋ ಪ್ರವಾಸ ಕಥನದ ಮಾತೋ ಎಂಬುದನ್ನು ಆರಂಭದಲ್ಲೇ ನಮೂದಿಸಬೇಕಾಗಿ ವಿನಂತಿ.