ಪುಟ್ಟಿಯ ಗಂಟಲು ಕಟ್ಟಿದ್ದಕ್ಕೆ

ಲಂಡನ್

ಪ್ರೀತಿಯ ಅಕ್ಕ,

ಇಲ್ಲಿ ಎಲ್ಲ ಕ್ಷೇಮ. ನಿನ್ನ ಕಾಗದ ತಲುಪಿತು. ಸಂಡೇ ಸ್ಕೂಲಿನ ಹಾಡಿನ ಅಭ್ಯಾಸದಲ್ಲಿ ಪುಟ್ಟಿಯ ಗಂಟಲು ಕಟ್ಟಿದೆ ಎಂದು ಓದಿದಾಗಿನಿಂದ ಅದೇ ಯೋಚನೆ. ಹೆದರಬೇಡ. ಸ್ವರಕ್ಕೆ ನಾಲ್ಕು ದಿನ ವಿಶ್ರಾಂತಿ ಕೊಡಿಸು. ಪಿಸುಮಾತೂ ಬೇಡ, ಅದರಿಂದಲೂ ಗಂಟಲಿಗೆ ಆಯಾಸ.

ಮಕ್ಕಳನ್ನು ಕಿರುಚಿಸಿ ಹಾಡಿಸುವುದು ಇಲ್ಲಿ ಹಳೇ ರೋಗ. 18ನೇ ಶತಮಾನದಲ್ಲಿ ಬಡಮಕ್ಕಳಿಗಾಗಿ ದಾನದ ದುಡ್ಡಿನಲ್ಲಿ ನಡೆಯುತ್ತಿದ್ದ ಚಾರಿಟಿ ಶಾಲೆಗಳಿಗೆ ಚರ್ಚಿನ ಕಾಣಿಕೆಯೇ ದೊಡ್ಡ ಆಸರೆ. ಮಕ್ಕಳ ಹಾಡು ಕೇಳಿ ಜನ ದುಡ್ಡು ಹಾಕಬೇಕು. ಕೂರಿಸುತ್ತಿದ್ದುದೋ ಚರ್ಚಿನ ದೊಡ್ಡ ವಾದ್ಯ ಆರ್ಗನ್ನಿನ ಪಕ್ಕದ ಗ್ಯಾಲರಿಯಲ್ಲಿ. ಆರ್ಗನ್ ಮೊರೆದಷ್ಟೂ ಮಕ್ಕಳು ಅರಚುತ್ತಿದ್ದರು, ಕೇಳಿದವರು ದೂರುತ್ತಿದ್ದರು. ಆ ಮಕ್ಕಳ ನೀಲಿ ಕೋಟಿನ ಬೊಂಬೆಗಳು ಇಲ್ಲಿನ ಹಳೇ ಶಾಲೆಗಳ ಬಾಗಿಲ ಮೇಲೆ ಈಗಲೂ ನಿಂತಿವೆ. ಹಾಗಂತ ಅವರ ಹಾಡನ್ನು ಹಗುರವಾಗಿ ಕಾಣಬೇಡ. 1792ರಲ್ಲಿ ಸೇಂಟ್ ಪಾಲ್ಸ್ ಕೆಥೆಡ್ರಲ್‌ನಲ್ಲಿ ಸುಮಾರು 4,000 ಚಾರಿಟಿ ಮಕ್ಕಳು ಒಟ್ಟಿಗೆ ಹಾಡಿದ್ದನ್ನು ಕೇಳಿ ಹೈಡನ್‌ನಂಥ ಸಂಗೀತಗಾರನೇ ಕರಗಿ, ಆ ಧಾಟಿಯನ್ನು ದಿನಚರಿಯಲ್ಲಿ ಬರೆದಿಟ್ಟುಕೊಂಡ.

ನೀವು ಕಲಿಸುತ್ತಿರುವ ಓಲ್ಡ್ ಹಂಡ್ರೆಡ್ತ್, ಅಂದರೆ ನೂರನೇ ಕೀರ್ತನೆಯ ಹಳೇ ಧಾಟಿಯನ್ನು ಆ ಚಾರಿಟಿ ಮಕ್ಕಳೂ ಹಾಡುತ್ತಿದ್ದರು. ನಾಲ್ಕು ಸಾಲು, ಸಾಲಿಗೆ ಎಂಟು ಅಕ್ಷರ. ಪುಟ್ಟಿಯ ಗಂಟಲು ಹಿಡಿಯುವುದು ನಾಲ್ಕನೇ ಸಾಲಿನಲ್ಲೇ ಇರಬೇಕು. ಇಡೀ ಧಾಟಿಯ ಅತಿ ಎತ್ತರದ ಸ್ವರ ಆ ಸಾಲಿನ ಮೊದಲ ಅಕ್ಷರಕ್ಕೇ ಬರುತ್ತದೆ. ಮೂರನೇ ಸಾಲು ಮುಗಿಯುವಾಗ ಉಸಿರು ಖಾಲಿಯಾಗಿರುತ್ತದೆ, ಮಗು ಕುತ್ತಿಗೆ ಬಿಗಿದು ಮೇಲಕ್ಕೆ ಹಾರುತ್ತದೆ. ಹಾರ್ಮೋನಿಯಂನಲ್ಲಿ ಷಡ್ಜವನ್ನು ಪಾಶ್ಚಾತ್ಯರು ಜಿ ಎನ್ನುವ ಮನೆಗೆ ಇಡಲು ಟೀಚರಿಗೆ ಹೇಳು. ಆಗ ಇಡೀ ಧಾಟಿ ಕೆಳಗಿನ ಪಂಚಮವಾದ ಡಿಯಿಂದ ಮೇಲಿನ ಪಂಚಮವಾದ ಡಿಯೊಳಗೆ ನಿಲ್ಲುತ್ತದೆ, ಅದು ಮಕ್ಕಳಿಗೆ ಹಿತ. ಅದಕ್ಕಿಂತ ಏರಿಸುವುದು ಬೇಡ. ನಾಲ್ಕನೇ ಸಾಲನ್ನೇ ಮೊದಲು ಕಲಿಸಲಿ: ಪದ ಬಿಟ್ಟು, ಮೆಲ್ಲಗೆ ‘ಊ’ ಎಂದು ಮೇಲಿನಿಂದ ಕೆಳಗಿಳಿಯುವುದು. ಅದು ಕುದುರಿದ ಮೇಲೆ ಪದ ಕೂಡಿಸಿ, ಹಿಂದಿನ ಸಾಲುಗಳನ್ನು ಒಂದೊಂದಾಗಿ ಜೋಡಿಸಲಿ. ಸಾಲಿನ ಕೊನೆಯಲ್ಲಿ ಹಾರ್ಮೋನಿಯಂ ಕಾಯಬೇಕು, ಮಕ್ಕಳು ಹೊಟ್ಟೆ ತುಂಬ ಉಸಿರೆಳೆದ ಮೇಲೆಯೇ ಮುಂದಿನದು. ಒಮ್ಮೆಗೆ ಹತ್ತು ನಿಮಿಷ ಸಾಕು. ಹಿಂದಿನ ಬೆಂಚಿಗೆ ಕೇಳಲಿಲ್ಲವೆಂದು ಮಕ್ಕಳ ದನಿ ಏರಿಸುವುದಕ್ಕಿಂತ ಹಾರ್ಮೋನಿಯಂನ ಸದ್ದು ತಗ್ಗಿಸುವುದು ಮೇಲು.

ಪುಟ್ಟಿಯ ಸ್ವರಕ್ಕೆ ಏನೂ ಆಗಿಲ್ಲ, ಖಂಡಿತ ಆಗಿಲ್ಲ. ಆದರೂ ಎರಡು ವಾರವಾದರೂ ಬಿಡದಿದ್ದರೆ ಇಎನ್‌ಟಿ ಡಾಕ್ಟರಿಗೆ ತೋರಿಸು, ದುಡ್ಡಿನ ಯೋಚನೆ ಬೇಡ, ನಾನು ಕಳಿಸುತ್ತೇನೆ. ಅಮ್ಮನಿಗೆ, ಬಾವನಿಗೆ ನಮಸ್ಕಾರ. ಅಂಚೆಗೆ ಹೊತ್ತಾಯಿತು, ಉಳಿದದ್ದು ಮುಂದಿನ ಕಾಗದದಲ್ಲಿ.

ನಿನ್ನ ತಮ್ಮ